ಸರ್ಕಾರೀ ಬೆಕ್ಕುಗಳ ಕೈತುತ್ತು

1868ನೆಯ ಇಸವಿಯ ಸೆಪ್ಟೆಂಬರ್ ಮಾಸದಲ್ಲಿ ಲಂಡನ್ ನಗರದ ಮನಿಯಾರ್ಡರ್ ಕಚೇರಿಯ ಮುಖ್ಯಾಧಿಕಾರಿಯು, ಇಲಿಗಳ ಹಾವಳಿಯಿಂದ ಬೇಸತ್ತು, ಮೂರು ಬೆಕ್ಕುಗಳನ್ನು ನೇಮಿಸಿಕೊಳ್ಳಲು ಅಪ್ಪಣೆಯನ್ನೂ ಅವುಗಳ ಪೋಷಣೆಗೆಂದು ವಾರಕ್ಕೆ 2 ಷಿಲಿಂಗ್ ಭತ್ಯವನ್ನೂ ದಯಪಾಲಿಸಬೇಕೆಂದು ಅಂಚೆ ಇಲಾಖೆಯ ಮೇಲಧಿಕಾರಿಗಳಿಗೆ ಬರೆದುಕೊಂಡನು. ಬೆಕ್ಕುಗಳು ಮಂಜೂರಾದುವು, ಆದರೆ ಭತ್ಯ ಅರ್ಧಕ್ಕೆ ಇಳಿಯಿತು. ಅವುಗಳಿಗೆ ಅತಿಯಾಗಿ ಉಣಿಸಕೂಡದೆಂದೂ, ವಾರಕ್ಕೆ 1 ಷಿಲಿಂಗಿನ ಮೇಲೆ ಬಿಡಿಗಾಸನ್ನೂ ಕೊಡಲಾಗದೆಂದೂ, ಸಂಬಳದ ಉಳಿದ ಭಾಗವನ್ನು ಅವು ಇಲಿಗಳ ರೂಪದಲ್ಲಿ ತಾವೇ ಸಂಪಾದಿಸಿಕೊಳ್ಳತಕ್ಕದ್ದೆಂದೂ, ಆರು ತಿಂಗಳೊಳಗಾಗಿ ಇಲಿಗಳ ಸಂಖ್ಯೆ ಇಳಿಮುಖವಾಗದಿದ್ದಲ್ಲಿ ಈ ಒಂದು ಷಿಲಿಂಗಿಗೂ ಕತ್ತರಿ ಬೀಳುವುದೆಂದೂ ಆಜ್ಞೆಯಾಯಿತು. ಬೆಕ್ಕಿನ ಮೈತೂಕವನ್ನು ಕುರಿತು ಒಂದು ಸರ್ಕಾರವು ಕಾಗದದ ಮೇಲೆ ವ್ಯಕ್ತಪಡಿಸಿದ ಅಭಿಪ್ರಾಯಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಅತ್ಯಂತ ಹಳೆಯದು ಇದೇ.

ಈ ಜಿಪುಣತನವನ್ನು ಕಂಡು ನಗುವ ಮೊದಲು ಲೆಕ್ಕ ಹಾಕಿ ನೋಡುವುದು ನ್ಯಾಯ. ಆ ಕಾಲದ ಲಂಡನ್ನಿನಲ್ಲಿ ಬೆಕ್ಕು ನಾಯಿಗಳಿಗೆಂದೇ ಬೇಯಿಸಿದ ಕುದುರೆಯ ಮಾಂಸವನ್ನು ಕಡ್ಡಿಗಳಿಗೆ ಪೋಣಿಸಿ ಕೇರಿಕೇರಿಗೆ ಹೊತ್ತು ಮಾರುವ ಪ್ರತ್ಯೇಕ ವರ್ತಕರಿದ್ದರು. ನಗರದ ದುಡಿಮೆಗಾರರ ಜೀವನವನ್ನು 1851ರ ಸುಮಾರಿಗೆ ವಿಸ್ತಾರವಾಗಿ ಬಣ್ಣಿಸಿದ ಹೆನ್ರಿ ಮೇಹ್ಯೂ, ಇಂತಹವರು ಸಾವಿರ ಮಂದಿಯಾದರೂ ಇದ್ದರೆಂದೂ, ಮಾಂಸದ ಬೆಲೆ ಪೌಂಡಿಗೆ ಎರಡೂವರೆ ಪೆನ್ಸ್ ಇದ್ದಿತೆಂದೂ ಹೇಳುತ್ತಾನೆ. ಅದೇ ದರವೆಂದು ಇಟ್ಟುಕೊಂಡರೆ, ಹನ್ನೆರಡು ಪೆನ್ಸಿನ ಒಂದು ಷಿಲಿಂಗಿಗೆ ಐದು ಪೌಂಡಿಗೆ ತುಸು ಕಡಿಮೆ ಮಾಂಸ ಬಂದೀತು. ಮೂರು ಬೆಕ್ಕು ಏಳು ದಿನಗಳಿಗೆ ಹಂಚಿದರೆ ಒಂದೊಂದಕ್ಕೂ ದಿನಕ್ಕೆ ಸುಮಾರು 100 ಗ್ರಾಂ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನವೊಂದಕ್ಕೆ ಬೇಕಾದುದು ಸುಮಾರು 200ರಿಂದ 250 ಕ್ಯಾಲೊರಿ. ಅಷ್ಟು ಮಾಂಸದಿಂದ ಅದರ ಮೂರರಲ್ಲಿ ಎರಡು ಪಾಲಾದರೂ ಒದಗುವುದು. ಒಂದು ಸುಂಡಿಲಿಯಲ್ಲಿ ಇರುವುದು ಸುಮಾರು ಮೂವತ್ತು ಕ್ಯಾಲೊರಿ. ಎಂದ ಮೇಲೆ ದಿನಕ್ಕೆ ಎರಡು ಮೂರು ಇಲಿಗಳನ್ನು ಹಿಡಿದರೆ ಬೆಕ್ಕಿನ ಆಯವ್ಯಯ ಸರಿದೂಗುತ್ತದೆ! ಆಹಾರಶಾಸ್ತ್ರದ ಗಂಧವಿಲ್ಲದ ಅಧಿಕಾರಿಯ ಲೇಖನಿಯಿಂದ, ಕೇವಲ ಕಾಸಿನ ಮೇಲಣ ಮಮತೆಯಿಂದಾಗಿ, ವೈದ್ಯನೂ ಒಪ್ಪುವಂತಹ ಪಥ್ಯವೊಂದು ಹೊರಬಿದ್ದಿತು. 1873ರಲ್ಲಿ ಭತ್ಯವು ಒಂದೂವರೆ ಷಿಲಿಂಗಿಗೆ ಏರಿತು.

ಆಜ್ಞೆ ಹೊರಡಿಸಿದ ಆ ಅಧಿಕಾರಿಯ ತಪ್ಪು ಅಂಕಿಗಳಲ್ಲಿ ಇರಲಿಲ್ಲ. ಹಸಿದ ಬೆಕ್ಕು ಮಾತ್ರ ಇಲಿ ಹಿಡಿಯುವುದೆಂಬ ನಂಬಿಕೆಯೊಂದು ಆ ಆಜ್ಞೆಯ ಬೆನ್ನಿಗಿದ್ದಿತು. ನಮ್ಮವರು ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯಲ್ಲಿ ಇದರ ವಿಪರೀತವನ್ನು ಕಾಣುತ್ತಾರೆ: ಅಲ್ಲಿ ಅರಸನೇ ಮನೆಗೊಂದು ಬೆಕ್ಕನ್ನೂ ಅದಕ್ಕೆ ಹಾಲೂಡಿಸಲು ಒಂದು ಆಕಳನ್ನೂ ಕೊಟ್ಟು, ಬೆಕ್ಕು ಕೊಬ್ಬಿದಷ್ಟೂ ಪ್ರಜೆಯ ರಾಜಭಕ್ತಿ ಹೆಚ್ಚೆಂದು ತಿಳಿಯುತ್ತಾನೆ, ರಾಮಕೃಷ್ಣನ ಬೆಕ್ಕೊಂದೇ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡು, ಹಾಲನ್ನು ಕಂಡರೆ ಓಡುತ್ತ, ಎಲುಬಿನ ಹಂದರವಾಗಿ ಆಸ್ಥಾನಕ್ಕೆ ಬರುತ್ತದೆ. ಆದರೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದ ನಮ್ಮ ಜನ, ಬೇಟೆಯು ಆ ಪ್ರಾಣಿಗೆ ಊಟಕ್ಕಿಂತ ಮಿಗಿಲಾಗಿ ಆಟವೆಂಬುದನ್ನು ಲಂಡನ್ನಿನ ಆ ಅಧಿಕಾರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಹಸಿವು ಆ ಹುರುಪನ್ನು ಕೊಂಚ ಹೆಚ್ಚಿಸೀತು, ಅಷ್ಟೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಬೆಕ್ಕಿಗೆ ಅನ್ನವಿಡುವುದು ಖಜಾನೆಯೊಂದೇ ಎಂದು ಆತನು ಭಾವಿಸಿದ್ದನು. ಕಚೇರಿಯಲ್ಲಿ ಗುಮಾಸ್ತರಿದ್ದಾರೆ, ಗುಮಾಸ್ತರಿಗೆ ಮಧ್ಯಾಹ್ನದ ಬುತ್ತಿಯಿದೆ, ಬುತ್ತಿ ಬಿಚ್ಚಿದೊಡನೆ ಕಾಲಿಗೆ ಮೈಯುಜ್ಜುವ ಪ್ರಾಣಿಗೆ ಒಂದು ತುತ್ತು ಹಾಕದಿರುವಷ್ಟು ಕಲ್ಲೆದೆ ಬಹಳ ಮಂದಿಗಿಲ್ಲ. ಆ ಕೈತುತ್ತು ಮಾತ್ರ ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. 1929ರಲ್ಲಿ ಬ್ರಿಟಿಷ್ ಗೃಹ ಇಲಾಖೆಯ ಪೀಟರ್ ಎಂಬ ಕಪ್ಪು ಬೆಕ್ಕಿನ ವಿಷಯದಲ್ಲಿ ಇದು ಬಯಲಾಯಿತು. ಸಿಬ್ಬಂದಿಯವರು ಉಣಿಸಿ ಉಣಿಸಿ ಪೀಟರನಿಗೆ ಇಲಿಯ ಮೇಲಣ ಆಸಕ್ತಿಯೇ ಉಡುಗಿದುದರಿಂದ, ಯಾರೂ ಏನನ್ನೂ ಕೊಡಕೂಡದೆಂದು ಕಟ್ಟಪ್ಪಣೆಯಾಯಿತು. ಅಪ್ಪಣೆ ಪಾಲನೆಯಾದಂತೆ ಬೆಕ್ಕಿನ ಹೊಟ್ಟೆಗೆ ಬೇರೆ ದಾರಿ ಬೇಕಾಗಿ, ಸಾದಿಲ್ವಾರು ಖರ್ಚಿನಿಂದ ದಿನಕ್ಕೆ ಒಂದು ಪೆನ್ನಿ ಮಂಜೂರಾಯಿತು. ಈ ಪೀಟರ್ 1946ರವರೆಗೆ, ಎಂದರೆ ಹದಿನೇಳು ವರ್ಷ, ಬದುಕಿದ್ದುದು ಆ ಪೆನ್ನಿಯ ಮಹಿಮೆಯೋ, ಅಪ್ಪಣೆಯನ್ನು ಗುಟ್ಟಾಗಿ ಮೀರಿದವರ ಕರುಣೆಯೋ ಎಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಸ್ಥೂಲಕಾಯದ ಪ್ರಸ್ತಾಪ ಬಂದಾಗ ಅಂಚೆ ಇಲಾಖೆಯ ಟಿಬ್ಸ್ ಎಂಬ ಮಹಾಪುರುಷನನ್ನು ಮರೆಯುವಂತಿಲ್ಲ. 1950ರಲ್ಲಿ ಹುಟ್ಟಿ, ಇಲಾಖೆಯ ಪ್ರಧಾನ ಕಚೇರಿಯಲ್ಲಿ ವಾರಕ್ಕೆ ಎರಡೂವರೆ ಷಿಲಿಂಗಿನ ಭತ್ಯದ ಮೇಲೆ ಹದಿನಾಲ್ಕು ವರ್ಷ ಸೇವೆ ಸಲ್ಲಿಸಿದ ಈತನ ತೂಕ 23 ಪೌಂಡು, ಎಂದರೆ ಹತ್ತು ಕಿಲೋಗೂ ಮೇಲೆ. ಈತನ ವಾಸಸ್ಥಾನ ಸಿಬ್ಬಂದಿಯ ಭೋಜನಶಾಲೆಯಾಗಿದ್ದಿತೆಂದರೆ ತೂಕದ ಕಾರಣವನ್ನು ಬೇರೆ ಹುಡುಕಬೇಕಾಗಿಲ್ಲ. ಆದರೂ ಟಿಬ್ಸನಿದ್ದಷ್ಟು ಕಾಲವೂ ಆ ಕಟ್ಟಡದಲ್ಲಿ ಇಲಿಗಳಿರಲಿಲ್ಲವೆಂದು ಇಲಾಖೆಯೇ ಹೆಮ್ಮೆಯಿಂದ ಹೇಳಿಕೊಂಡಿತು; 1868ರ ಸಿದ್ಧಾಂತಕ್ಕೆ ಇದಕ್ಕಿಂತ ಭಾರವಾದ ಖಂಡನೆ ಯಾವುದು? 1953ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಚೆ ಬೆಕ್ಕುಗಳ ವೇತನದ ಪ್ರಶ್ನೆ ಎದ್ದಾಗಲೂ, ಭತ್ಯವು ಊರಿಂದೂರಿಗೆ ಬೇರೆಬೇರೆಯೆಂದೂ, ದುಡಿಮೆಗೆ ತಕ್ಕ ಕೂಲಿ ಎಂಬ ಪದ್ಧತಿಯನ್ನು ಈ ನೌಕರರಿಗೆ ಅನ್ವಯಿಸುವುದು ಅಸಾಧ್ಯವೆಂದೂ ಮಂತ್ರಿಗಳು ಗಂಭೀರವದನರಾಗಿ ಒಪ್ಪಿಕೊಂಡರು. ಗೃಹ ಇಲಾಖೆಗೆ 1964ರಲ್ಲಿ ಮ್ಯಾನ್ ದ್ವೀಪದಿಂದ ಉಡುಗೊರೆಯಾಗಿ ಬಂದ ಪೀಟಾ ಎಂಬ ಬಾಲವಿಲ್ಲದ ಹೆಣ್ಣು ಬೆಕ್ಕಂತೂ ಕೆಲವೇ ವರ್ಷಗಳಲ್ಲಿ ಬೇಕಾಬಿಟ್ಟಿ ಕೊಬ್ಬಿ, ಅದಕ್ಕೆ ತಿನಿಸು ಕೊಡಬಾರದೆಂಬ ಹಳೆಯ ಅಪ್ಪಣೆಯೇ ಹೊಸ ಕಾಗದದ ಮೇಲೆ ಮರಳಿ ಹೊರಟಿತು.

ಅಪ್ಪಣೆಯಿಂದ ಬೆಕ್ಕಿನ ತೂಕವನ್ನು ಇಳಿಸುವುದು ಅಪಾಯವೂ ಹೌದು. ಕೊಬ್ಬಿದ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ, ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ, ಅದು ಕಾಮಾಲೆಯಾಗಿ ಸಾಯಲೂಬಹುದೆಂಬುದನ್ನು ಈಚಿನ ಪಶುವೈದ್ಯರು ಕಂಡುಕೊಂಡಿದ್ದಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ ಗುಲಗಂಜಿ ಗುಲಗಂಜಿಯಾಗಿ ಇಳಿಸಬೇಕಂತೆ. ನಮ್ಮ ಮನೆಯ ಬೆಕ್ಕಿಗೆ ಹದಿಮೂರು ತುಂಬಿದ ಮೇಲೆ ನಾನು ಅದನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಳಿಕ ಒಬ್ಬನೇ ನಿಂತು, ಒಂದರಿಂದೊಂದನ್ನು ಕಳೆಯುವ ವ್ರತವನ್ನು ಪ್ರತಿ ಭಾನುವಾರ ಆಚರಿಸುತ್ತಿರುವೆನಾದರೂ, ಈಗ ನನ್ನನ್ನು ಕಾಡುವುದು ಏರಿದ ಅಂಕಿಯಲ್ಲ, ಇಳಿದ ಅಂಕಿ. ನಡುವಯಸ್ಸಿನಲ್ಲಿ ಬೊಜ್ಜು ಬೆಳೆಸಿದ ಬೆಕ್ಕೇ ಮುಪ್ಪಿನಲ್ಲಿ ಬೆನ್ನೆಲುಬು ಕೈಗೆ ಸಿಗುವಂತೆ ಬಡವಾಗುತ್ತದೆ. ಹಲ್ಲು ಸಡಿಲವಾಗುತ್ತದೆ, ಮೂತ್ರಪಿಂಡ ಸೋಲುತ್ತದೆ. 1989ರಲ್ಲಿ ಬೀದಿಯಿಂದ ಬಂದು ಬ್ರಿಟಿಷ್ ಪ್ರಧಾನಿಗಳ ನಿವಾಸದ ಪರಿವಾರ ಸೇರಿದ ಹಂಫ್ರಿ ಎಂಬ ಬೆಕ್ಕಿಗೆ ಆದುದು ಇದೇ: ಮೂತ್ರಪಿಂಡದ ತೊಂದರೆಯಿಂದ ವಿಶೇಷ ಪಥ್ಯ, 1997ರ ನವೆಂಬರಿನಲ್ಲಿ ನಿವೃತ್ತಿ, ಒಬ್ಬ ನೌಕರರ ಮನೆಯಲ್ಲಿ 2006ರವರೆಗೆ ಶಾಂತವಾದ ವಾನಪ್ರಸ್ಥ.

ಮುದಿ ಬೆಕ್ಕಿನ ಆರೈಕೆಯಲ್ಲಿ ನನ್ನ ಮನಸ್ಸಿಗೆ ಒಪ್ಪಿದ ನಿದರ್ಶನ ಮಾತ್ರ ಹಂಫ್ರಿಗಿಂತ ಹಿಂದಿನದು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಪ್ರಾಚೀನ ವಸ್ತುಗಳ, ಬೆಕ್ಕಿನ ಮಮ್ಮಿಗಳೂ ಸೇರಿದಂತೆ, ಪಾಲಕನಾಗಿದ್ದ ವಾಲಿಸ್ ಬಡ್ಜ್ ಎಂಬ ವಿದ್ವಾಂಸನ ಕಾಲಬಳಿಗೆ ಒಂದು ದಿನ ಅಲ್ಲಿನ ಹಿರಿಯ ಬೆಕ್ಕೊಂದು ಬಾಯಲ್ಲಿ ಕಚ್ಚಿ ತಂದು ಇಳಿಸಿದ ಮರಿಯೇ ಮೈಕ್. 1909ರಿಂದ 1929ರವರೆಗೆ ಮ್ಯೂಸಿಯಮ್ಮಿನ ಹೆಬ್ಬಾಗಿಲನ್ನು ಕಾದ ಈ ಬೆಕ್ಕಿಗೆ ಕಡೆಗಾಲದಲ್ಲಿ ಹಲ್ಲುಗಳು ಕೈಕೊಟ್ಟಾಗ, ಬಾಗಿಲು ಕಾಯುವ ಮೂವರು ನೌಕರರು ಅದಕ್ಕೆಂದೇ ಮೆತ್ತಗೆ ಬೇಯಿಸಿದ ಆಹಾರವನ್ನು ಸಿದ್ಧಪಡಿಸಿ ಉಣಿಸುತ್ತಿದ್ದರು. ಅದು ತೀರಿಕೊಂಡ ಬಳಿಕ ಬಡ್ಜ್ ಮಹಾಶಯನು ಅದರ ಚರಿತ್ರೆಯನ್ನೇ ಒಂದು ಪುಸ್ತಿಕೆಯಾಗಿ ಬರೆದು, ಅದರ ನಾಲಗೆಯ ತಾರತಮ್ಯವನ್ನು ಒಂದು ರಾಜವಂಶದ ಅನುಕ್ರಮವನ್ನು ನಿರೂಪಿಸುವಷ್ಟೇ ಜಾಗರೂಕತೆಯಿಂದ ದಾಖಲಿಸಿದನು: ವೈಟಿಂಗಿಗಿಂತ ಸೋಲ್ ಮೀನು ಲೇಸು, ಹ್ಯಾಡಕಿಗಿಂತ ವೈಟಿಂಗ್ ಲೇಸು, ಹೆರಿಂಗಿಗಿಂತ, ನಮ್ಮ ಕರಾವಳಿಯವರ ಬೂತಾಯಿಯ ಬಳಗಕ್ಕೆ ಸೇರಿದ, ಸಾರ್ಡೀನ್ ಲೇಸು, ಕಾಡ್ ಮೀನನ್ನಂತೂ ಮೈಕ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.