ಮೂಲದಾಗ ಇಲ್ಲದ್ದು

ಮತ್ತಾಯನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಯೇಸು ಸುಂಕದ ಕಟ್ಟೆಯ ಹತ್ತಿರ ಕೂತ ಮತ್ತಾಯನನ್ನು ನೋಡ್ತಾನೆ, ನನ್ನ ಹಿಂದೆ ಬಾ ಅಂತಾನೆ, ಅವನು ಎದ್ದು ಹೋಗ್ತಾನೆ. ಮುಗೀತು. ಒಂದೇ ವಚನ. ಅವನ ಮನೆಯಲ್ಲಿ ಯಾರಿದ್ದರು, ಬಿಟ್ಟುಹೋದ ಲೆಕ್ಕದ ಪುಸ್ತಕ ಏನಾಯ್ತು? ಸುವಾರ್ತೆಗೆ ಅದರ ಗೊಡವೆ ಇಲ್ಲ.

'ದ ಚೋಸನ್' ಎಂಬ ಅಮೆರಿಕದ ಧಾರಾವಾಹಿಗೆ ಅದೇ ಗೊಡವೆ. ನಿರ್ದೇಶಕ ಡಲ್ಲಾಸ್ ಜೆಂಕಿನ್ಸ್. 2019ರಲ್ಲಿ ಬಂದ ಮೊದಲ ಸೀಸನ್ನಿನಲ್ಲಿ 8 ಕಂತುಗಳಿವೆ. ಮತ್ತಾಯ ಎದ್ದು ಹೋಗೋದು 7ನೇ ಕಂತಿನಲ್ಲಿ. ಅಲ್ಲಿಯವರೆಗೆ ನಾವು ಅವನ ಜೊತೆಗೇ ಓಡಾಡಿರ್ತೀವಿ. ಲೆಕ್ಕದಲ್ಲಿ ಭಾಳ ಚುರುಕು, ಮಂದಿಯ ಜೊತೆ ಬೆರೆಯೋದು ಬಾರದು, ಊರವರ ಕಣ್ಣಿಗೆ ದ್ರೋಹಿ, ಹೆತ್ತವರಿಗೂ ಬೇಡವಾದವನು. ಹಾಗಾಗಿ ಅವನು ಎದ್ದಾಗ ಏನು ಬಿಟ್ಟು ಎದ್ದ ಅನ್ನೋದು ನಮಗೆ ಗೊತ್ತಿರ್ತದೆ.

ಇನ್ನೊಂದು ಉದಾಹರಣೆ ನೋಡಿ. ಲೂಕನ ಸುವಾರ್ತೆಯಲ್ಲಿ ಸೀಮೋನ ರಾತ್ರಿಯೆಲ್ಲ ಬಲೆ ಬೀಸಿದರೂ ಮೀನು ಸಿಗೋದಿಲ್ಲ. ಯೇಸು ಹೇಳಿದ ಮೇಲೆ ಬಲೆ ಹರಿಯುವಷ್ಟು ಸಿಗ್ತದೆ. ಧಾರಾವಾಹಿ ಇದಕ್ಕೆ ಒಂದು ಬಾಕಿ ಸೇರಿಸ್ತದೆ. ಸೀಮೋನ ತೆರಿಗೆ ಕಟ್ಟಲಾಗದೆ ರೋಮನ್ನರ ಕೈಗೆ ಸಿಕ್ಕಿಬಿದ್ದಿದ್ದಾನೆ, ಆ ರಾತ್ರಿ ಮೀನು ಬೀಳದಿದ್ದರೆ ಮನೆ ಉಳಿಯೋದಿಲ್ಲ. ಈಗ ಆ ಮೀನಿನ ರಾಶಿ ಬರೀ ಪವಾಡ ಅಲ್ಲ, ಬಾಕಿ ತೀರುವ ದಾರಿಯೂ ಹೌದು. ನಾನು ಮುಂಡರಗಿ ತಾಲೂಕಿನ ಎರಿ ಹೊಲದ ಮನೆಯವನು. ಮಳಿ ಕೈಕೊಟ್ಟ ವರ್ಷ ಸಾಲದ ನೋಟಿಸು ಬಂದ ಮನೆ ಹೆಂಗಿರ್ತದ ಅಂತ ಗೊತ್ತು. ಗಲಿಲಾಯದ ಸರೋವರ ನಾನು ಕಂಡಿಲ್ಲ. ಆದರೆ ಆ ದೋಣಿಯಲ್ಲಿ ಕೂತವನ ಮಾರಿ ನಮ್ಮೂರಿನ ಕಟ್ಟೆಯ ಮೇಲೆ ಕಂಡಿದ್ದೇನೆ.

ಇಂಥದ್ದಕ್ಕೆಲ್ಲ ಬರುವ ತಕರಾರು ಒಂದೇ: "ಇದು ಮೂಲದಾಗ ಎಲ್ಲೈತಿ?" ಪುರಾಣದ ಸಿನಿಮಾ ಬಂದಾಗಲೂ ಇದೇ ಜಗಳ. ಆದರೆ ಮೂಲದಲ್ಲಿ ಇಲ್ಲದ್ದನ್ನು ಹೇಳುವ ಕಸುಬು ನಮ್ಮ ಜಿಲ್ಲೆಯ ಸುತ್ತಮುತ್ತ ಸಾವಿರ ವರ್ಷದಿಂದ ನಡೆದಿದೆ.

ಲಕ್ಷ್ಮೇಶ್ವರದಿಂದಲೇ ಶುರು ಮಾಡೋಣ. ಆಗ ಅದು ಪುಲಿಗೆರೆ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ, ತನ್ನ ಕಾವ್ಯದ ನುಡಿ ಆ ಸೀಮೆಯ ತಿರುಳುಗನ್ನಡ ಅಂತ ತಾನೇ ಹೇಳಿಕೊಂಡಿದ್ದಾನೆ. ಅವನು ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿದ. ಅದಕ್ಕಾಗಿ ದ್ರೌಪದಿ ಐವರ ಹೆಂಡತಿ ಆಗದೆ ಅರ್ಜುನನೊಬ್ಬನ ಹೆಂಡತಿಯಾದಳು, ಕೊನೆಗೆ ಪಟ್ಟವೂ ಅರ್ಜುನನಿಗೇ ಹೋಯ್ತು. ಆದರೆ ಅದೇ ಪಂಪ, ಒಡೆಯನ ಎದುರಾಳಿ ಕರ್ಣ ಬಿದ್ದಾಗ ಮನಸೋತು ಅವನನ್ನೇ ಎಲ್ಲರಿಗಿಂತ ಎತ್ತರಕ್ಕೆ ಏರಿಸಿದ.

ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಆಶ್ರಯ ಪಡೆದವನು ರನ್ನ. ಅವನ 'ಗದಾಯುದ್ಧ' ಮಹಾಭಾರತವನ್ನು ಮೊದಲಿನಿಂದ ಹೇಳೋದಿಲ್ಲ. ಯುದ್ಧದ ಕೊನೆಗೆ ನಿಂತು ಹಿಂದೆ ತಿರುಗಿ ನೋಡ್ತದೆ. ಇದಕ್ಕೆ ಸಿಂಹಾವಲೋಕನ ಅಂತ ಹೆಸರು, ನಾವೀಗ ಫ್ಲಾಶ್‌ಬ್ಯಾಕ್ ಅಂತೀವಿ. 'ದ ಚೋಸನ್'ನ 8ನೇ ಕಂತು ಶುರುವಾಗೋದು ಎಷ್ಟೋ ಶತಮಾನ ಹಿಂದೆ, ಯಾಕೋಬ ಬಾವಿ ತೋಡುವ ದೃಶ್ಯದಿಂದ. ಆಮೇಲೆ ಅದೇ ಬಾವಿಗೆ ಊರು ದೂರವಿಟ್ಟ ಸಮಾರ್ಯದ ಹೆಂಗಸು ನೀರಿಗೆ ಬರ್ತಾಳೆ. ಮಾತಿಲ್ಲದೆಯೇ ಬಾವಿಗೆ ವಯಸ್ಸು ಬಂದಿರ್ತದೆ.

ಇನ್ನು ಗದಗ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕೂತು ಬರೆದ ಕಂಬ ಅಂತ ಇವತ್ತಿಗೂ ಒಂದನ್ನು ತೋರಿಸ್ತಾರೆ. ಅವನು ಹೇಳಿದ್ದು 18ರಲ್ಲಿ 10 ಪರ್ವ ಮಾತ್ರ, ಅದೂ ಕೃಷ್ಣನನ್ನು ನಡುವೆ ಇಟ್ಟುಕೊಂಡು. ಅವನ ಉತ್ತರಕುಮಾರ ಹೆಂಗಸರ ಮುಂದೆ ಪೌರುಷ ಕೊಚ್ಚಿ, ಕೌರವ ಸೈನ್ಯ ಕಂಡಕೂಡಲೆ ರಥದಿಂದ ಜಿಗಿದು ಓಡುವಾಗ ನಮ್ಮೂರಿನ ಯಾರೋ ಒಬ್ಬ ನೆನಪಾಗ್ತಾನೆ. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳ ದೊಡ್ಡಾಟದಲ್ಲೂ ಕಿರೀಟ ಹೊತ್ತ ರಾಜನನ್ನು ಸಾರಥಿ ನಿಲ್ಲಿಸಿ "ನೀವು ಯಾರು, ಎಲ್ಲಿಂದ ಬಂದ್ರಿ" ಅಂತ ಕೇಳ್ತಾನೆ, ನಡುವೆ ನಗಿಸ್ತಾನೆ. ಗಂಭೀರ ಕತೆಗೆ ನಮ್ಮ ಓಣಿಯ ಭಾಷೆ ತರೋದೇ ಅವನ ಕೆಲಸ. ಶಿಷ್ಯರು ಅಡುಗೆ, ದುಡ್ಡು, ಸರದಿ ಅಂತ ಜಗಳಾಡುವ ದೃಶ್ಯಗಳು 'ದ ಚೋಸನ್'ನಲ್ಲಿ ಮಾಡೋದೂ ಇದನ್ನೇ.

ಯೇಸುವಿನ ಕತೆಯೂ ನಮಗೆ ಹೀಗೇ ಬಂತು. ಬಾಸೆಲ್ ಮಿಶನ್ 1841ರಲ್ಲಿ ಬೆಟಗೇರಿಗೆ ಬಂತು. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್, 1894ರ ನಿಘಂಟಿಗೂ ಎಷ್ಟೋ ಮೊದಲು, 1862ರಲ್ಲಿ 'ಕಥಾಮಾಲೆ' ತಂದರು. ಯೇಸುವಿನ ಬದುಕು, ಕನ್ನಡದ ಛಂದಸ್ಸು. ಪರದೇಶದ ಕತೆ ಇಲ್ಲಿ ನಿಲ್ಲಬೇಕಾದರೆ ಇಲ್ಲಿಯ ಕಿವಿಗೆ ಒಗ್ಗುವ ಲಯ ಬೇಕು ಅಂತ ಅವರಿಗೆ ತಿಳಿದಿತ್ತು. ಮುಂದೆ ಮಂಜೇಶ್ವರದ ಗೋವಿಂದ ಪೈ 'ಗೊಲ್ಗೊಥಾ'ದಲ್ಲಿ ಯೇಸುವಿನ ಕೊನೆಯ ದಿನವನ್ನಷ್ಟೇ ಆರಿಸಿಕೊಂಡರು. ಇಡೀ ಬದುಕಿನ ಭಾರ ಒಂದೇ ದಿನದ ಮೇಲೆ ಬಿತ್ತು.

ಹಾಗಾದರೆ ಏನನ್ನು ಬೇಕಾದರೂ ಸೇರಿಸಬಹುದಾ? ಇಲ್ಲ. ನನಗೆ ಎರಡು ಕಟ್ಟು ಕಾಣ್ತವೆ. ಒಂದು, ಸೇರಿಸಿದವನು ಅದನ್ನು ಒಪ್ಪಿಕೊಳ್ಳಬೇಕು. 'ದ ಚೋಸನ್'ನ ಮೊದಲ ಕಂತು ಶುರುವಾಗುವ ಮೊದಲೇ ಕೆಲವು ಪಾತ್ರ, ಮಾತು, ಹಿನ್ನೆಲೆ ನಮ್ಮವು, ನೀವು ಸುವಾರ್ತೆಯನ್ನೇ ಓದಿ ಅಂತ ಹೇಳಿಕೆ ಬರ್ತದೆ. ಗದುಗಿನ ನಾರಣಪ್ಪ 'ಕುಮಾರವ್ಯಾಸ' ಅಂತ ಹೆಸರಿಟ್ಟುಕೊಂಡಾಗಲೇ ಆ ಹೇಳಿಕೆ ಮುಗೀತು: ನಾನು ವ್ಯಾಸ ಅಲ್ಲ, ಅವನ ಮಗ. ಎರಡನೇದು, ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕಂದ್ರೆ, ಇಂಟರ್‌ಫೇಸ್ ಮುಟ್ಟಬಾರದು, ಒಳಗಿನ ಕೋಡ್ ನಿಮ್ಮದು. ಮತ್ತಾಯ ಎದ್ದು ಹೋಗಲೇಬೇಕು. ಅವನು ಎದ್ದದ್ದು ಯಾಕೆ ಕಷ್ಟ ಅನ್ನೋದನ್ನು ಹೇಳಿ. ಪಂಪ ಈ ಗೆರೆ ದಾಟಿದ್ದು ಒಡೆಯನಿಗಾಗಿ. ಅವನು ಗೆದ್ದದ್ದು ಒಡೆಯನನ್ನು ಮರೆತ ಕಡೆ.

ಈ ಎರಡೂ ಕಟ್ಟು ಪಾಲಿಸಿದರೆ ಏನು ಸಿಗ್ತದೆ ಅನ್ನೋದಕ್ಕೆ ಧಾರಾವಾಹಿಯ ಚಿಕ್ಕ ಯಾಕೋಬನೇ ಸಾಕ್ಷಿ. ಸುವಾರ್ತೆಯಲ್ಲಿ ಅವನದು ಬಹುತೇಕ ಬರೀ ಹೆಸರು. ಧಾರಾವಾಹಿಯಲ್ಲಿ ಅವನು ಕುಂಟ್ತಾನೆ, ಆ ನಟನ ಊನ ನಿಜವಾದದ್ದು. ಬೇರೆಯವರನ್ನು ವಾಸಿಮಾಡಲು ನನ್ನನ್ನು ಕಳಿಸ್ತೀಯಲ್ಲ, ನನ್ನನ್ನು ಯಾಕೆ ವಾಸಿಮಾಡಲಿಲ್ಲ ಅಂತ ಅವನು ಯೇಸುವನ್ನು ಕೇಳ್ತಾನೆ. ಯೇಸು ಅವನ ಕಾಲು ಸರಿಮಾಡೋದಿಲ್ಲ. ವಾಸಿಯಾಗದೆಯೇ ನಂಬುವವನ ಬಾಳು ದೊಡ್ಡದು ಅನ್ನುವಂತೆ ಮಾತಾಡ್ತಾನೆ. ಗದಗಿನವರಿಗೆ ಈ ಉತ್ತರ ಹೊಸದಲ್ಲ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಯಾವ ಪವಾಡವೂ ಅವರಿಗೆ ದೃಷ್ಟಿ ಕೊಡಲಿಲ್ಲ. ಆದರೂ ಅವರ ಹತ್ತಿರ ಸಾವಿರಾರು ಮಕ್ಕಳು ಸ್ವರ ಕಲಿತು, ಅನ್ನದ ದಾರಿ ಹಿಡಿದು ಹೋದರು.