ನಾಗರಖಂಡದಲ್ಲಿ ಶಾಲಾ ಪ್ರವೇಶ: ದತ್ತಿಯ ಕಾಲದಿಂದ ಅರ್ಜಿಯ ಕಾಲದವರೆಗೆ

ಶಿಕಾರಿಪುರ ತಾಲ್ಲೂಕಿನ ಅಂಚಿನಲ್ಲಿ, ಸೊರಬದ ಗಡಿಗೆ ಹತ್ತಿರವಾಗಿ ಕಾಡಿನ ನಡುವೆ ಉಳಿದಿರುವ ಬಂದಳಿಕೆ ಇಂದು ಜನವಸತಿಯಿಲ್ಲದ ಊರು. ಶಾಸನಗಳಲ್ಲಿ ಬಂದಣಿಕೆ, ಬಾಂಧವಪುರ ಎಂಬ ಹೆಸರುಗಳಿಂದ ಕರೆಯಿಸಿಕೊಂಡ ಈ ಸ್ಥಳವು ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣವಾಗಿಯೂ ಜೈನತೀರ್ಥವಾಗಿಯೂ ಹೆಸರು ಪಡೆದಿತ್ತು. ‘ಎಪ್ಪತ್ತು’ ಎಂಬುದು ಆ ನಾಡಿಗೆ ಸೇರಿದ ಹಳ್ಳಿಗಳ ಸಂಖ್ಯೆಯೆಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಇದೇ ನಾಡಿನ ಆಸುಪಾಸಿನಲ್ಲಿರುವ ತಾಳಗುಂದ ಮತ್ತು ಬಳ್ಳಿಗಾವಿಗಳು ಕರ್ನಾಟಕದ ಶಿಕ್ಷಣ ಚರಿತ್ರೆಗೆ ಬಹು ಮುಖ್ಯವಾದ ಶಾಸನಗಳನ್ನು ಉಳಿಸಿಕೊಟ್ಟಿವೆ. ಸರ್ಕಾರವು ನೇರವಾಗಿ ನಡೆಸದ ಒಂದು ಸಣ್ಣ ಶಾಲೆಗೆ ಮಗುವನ್ನು ಸೇರಿಸಬೇಕಾದಾಗ ಷರತ್ತುಗಳನ್ನು ಯಾರು ಯಾರ ಮೇಲೆ ಹೇರುತ್ತಾರೆ, ಆ ಕಲಿಕೆಯ ಖರ್ಚನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯನ್ನು ಈ ಪ್ರದೇಶವನ್ನು ಕೇಂದ್ರದಲ್ಲಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಖಾಸಗಿ ಶಾಲೆ’ ಎಂಬ ಮಾತು ಪ್ರಾಚೀನ ಸಂಸ್ಥೆಗಳಿಗೆ ಯಥಾವತ್ತಾಗಿ ಹೊಂದುವುದಿಲ್ಲವಾದರೂ, ಅವು ರಾಜ್ಯದ ಇಲಾಖೆಯೊಂದರ ಆಡಳಿತಕ್ಕೆ ಒಳಪಡದೆ ದಾನದ ಆದಾಯದಿಂದ ನಡೆಯುತ್ತಿದ್ದವು ಎಂಬಷ್ಟರ ಮಟ್ಟಿಗೆ ಹೋಲಿಕೆಗೆ ಅವಕಾಶವಿದೆ.

ವಿದ್ಯಾಸಂಸ್ಥೆಯೊಂದನ್ನು ಅರಸಿ ಹೋದ ವಿದ್ಯಾರ್ಥಿಯ ಬಗ್ಗೆ ಈ ನೆಲದಲ್ಲಿ ದೊರೆಯುವ ಅತ್ಯಂತ ಹಳೆಯ ಉಲ್ಲೇಖ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನದಲ್ಲಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಶಾಸನವು ಮಯೂರಶರ್ಮನು ತನ್ನ ಗುರು ವೀರಶರ್ಮನೊಂದಿಗೆ ಪಲ್ಲವರ ರಾಜಧಾನಿ ಕಂಚಿಗೆ ಹೋಗಿ, ವೇದಾಧ್ಯಯನವನ್ನು ಪೂರ್ಣಗೊಳಿಸುವ ಬಯಕೆಯಿಂದ ಅಲ್ಲಿನ ಘಟಿಕೆಯನ್ನು, ಎಂದರೆ ಉನ್ನತ ವಿದ್ಯಾಸ್ಥಾನವನ್ನು, ಪ್ರವೇಶಿಸಿದನೆಂದು ತಿಳಿಸುತ್ತದೆ. ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳ, ಅದರಿಂದ ಹುಟ್ಟಿದ ಕದಂಬ ರಾಜ್ಯ ಇವುಗಳ ಕಡೆಗೇ ಇತಿಹಾಸಕಾರರ ಗಮನ ಹರಿದಿರುವುದು ಸಹಜವೇ ಆದರೂ, ಶಿಷ್ಯನೊಬ್ಬನೇ ಹೋಗದೆ ಗುರುವಿನ ಜೊತೆಯಲ್ಲಿ ಹೋದನೆಂಬ ವಿವರ ಪ್ರವೇಶದ ಚರಿತ್ರೆಯ ದೃಷ್ಟಿಯಿಂದ ಕಡಿಮೆ ಬೆಲೆಯದಲ್ಲ. ವಿದ್ಯಾರ್ಥಿಯ ಯೋಗ್ಯತೆಗೆ ಅಲ್ಲಿ ಬಹುಶಃ ಗುರುವಿನ ಸಾನ್ನಿಧ್ಯವೇ ಪ್ರಮಾಣವಾಗಿತ್ತು.

ಏಳು ಶತಮಾನಗಳ ಬಳಿಕ ಬಳ್ಳಿಗಾವಿಯ ಕೋಡಿಯ ಮಠದ ಶಾಸನಗಳಲ್ಲಿ ಕಾಣುವ ಚಿತ್ರ ಇನ್ನಷ್ಟು ವಿಸ್ತಾರವಾದುದು. ಕೆರೆಯ ಕೋಡಿಯ ಬಳಿಯಿದ್ದುದರಿಂದ ಆ ಹೆಸರು ಪಡೆದು, ಕೇದಾರೇಶ್ವರ ದೇವಾಲಯಕ್ಕೆ ಸೇರಿಕೊಂಡಿದ್ದ ಈ ಮಠವನ್ನು ಕಾಳಾಮುಖ ಪಂಥದ, ಅಂದರೆ ಲಾಕುಳ ಶೈವ ಶಾಖೆಯೊಂದರ, ಆಚಾರ್ಯರು ನಡೆಸುತ್ತಿದ್ದರು. ವಾಮಶಕ್ತಿ ಆಚಾರ್ಯನ ಕಾಲದ 1162ರ ಶಾಸನವು ಈ ಸ್ಥಾನದಲ್ಲಿ ಸಾಂಗವಾದ ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಬೌದ್ಧವೂ ಸೇರಿದಂತೆ ದರ್ಶನಗಳು, ಲಾಕುಳ ಸಿದ್ಧಾಂತ, ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ ಮತ್ತು ನಾಟಕಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಹೇಳಿ, ಅದೇ ಉಸಿರಿನಲ್ಲಿ ದೀನರು, ಅಂಗವಿಕಲರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಪಂಥಗಳ ಭಿಕ್ಷುಗಳು ಇವರಿಗೆಲ್ಲ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದು ಸೇರಿಸುತ್ತದೆ. ಈ ಎರಡು ಪಟ್ಟಿಗಳನ್ನು ಒಟ್ಟಿಗೆ ಓದಿ, ಮಠದ ಪಾಠಶಾಲೆಯೂ ಸರ್ವರಿಗೂ ತೆರೆದಿತ್ತೆಂದು ಹೇಳುವ ಉತ್ಸಾಹ ಜನಪ್ರಿಯ ಬರಹಗಳಲ್ಲಿ ಆಗಾಗ ಕಾಣಿಸುತ್ತದೆ. ಶಾಸನದ ವಾಕ್ಯರಚನೆ ಅಂತಹ ತೀರ್ಮಾನಕ್ಕೆ ಎಡೆಗೊಡುವುದಿಲ್ಲ. ಅನ್ನವನ್ನು ಯಾರಿಗೆ ಬಡಿಸಲಾಗುತ್ತಿತ್ತು ಎಂಬುದನ್ನು ಅದು ಹೆಸರಿಸಿ ಹೇಳುತ್ತದೆಯೇ ಹೊರತು ವ್ಯಾಕರಣವನ್ನು ಯಾರಿಗೆ ಕಲಿಸಲಾಗುತ್ತಿತ್ತು ಎಂಬುದನ್ನಲ್ಲ.

ಕಲಿಯುವವರ ಅರ್ಹತೆಯ ವಿಷಯದಲ್ಲಿ ಈ ದಾನಶಾಸನಗಳು ತೋರುವ ಮೌನವನ್ನು ಪರೀಕ್ಷೆಯೇ ಇರಲಿಲ್ಲವೆಂಬುದಕ್ಕೆ ಆಧಾರವಾಗಿ ಬಳಸುವುದೂ ಸರಿಯಲ್ಲ, ಏಕೆಂದರೆ ದಾನಶಾಸನವು ಕೊಟ್ಟವನ ಮತ್ತು ಪಡೆದ ಸಂಸ್ಥೆಯ ಬಾಧ್ಯತೆಗಳನ್ನು ದಾಖಲಿಸುವ ಪತ್ರ. ಯಾವ ಭೂಮಿಯ ಆದಾಯ ಯಾವ ಉಪಾಧ್ಯಾಯನಿಗೆ, ಎಷ್ಟು ಜನರ ಊಟಕ್ಕೆ, ಯಾವ ಬಟ್ಟೆಬರೆಗೆ ಸಲ್ಲಬೇಕೆಂಬುದೇ ಅದರ ವಿಷಯ. ತಾಳಗುಂದದ ಅಗ್ರಹಾರಕ್ಕೆ ಸೇರಿದ ಹನ್ನೆರಡನೆಯ ಶತಮಾನದ ಶಾಸನವೊಂದರಲ್ಲಿ ವೇದಗಳನ್ನು ಕಲಿಸುವವರ ಜೊತೆಗೆ ಕನ್ನಡ ಅಕ್ಷರ ಕಲಿಸುವವನಿಗೂ ವೃತ್ತಿ, ಅಂದರೆ ಜೀವನೋಪಾಯಕ್ಕೆ ಬಿಟ್ಟ ಆದಾಯ, ಗೊತ್ತುಮಾಡಿರುವುದು ಇದಕ್ಕೆ ಒಳ್ಳೆಯ ಉದಾಹರಣೆ. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ವೇದ ಕಲಿಯುವ 200 ವಿದ್ಯಾರ್ಥಿಗಳಿಗೂ ಶಾಸ್ತ್ರ ಕಲಿಯುವ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೂ, ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರಿಗೂ, ಗ್ರಂಥ ಭಂಡಾರವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಕರಿಗೂ ಏರ್ಪಾಡು ಮಾಡಲಾಗಿದೆ. ವಿದ್ಯಾರ್ಥಿಗಳ ಸಂಖ್ಯೆಯನ್ನು ಇಷ್ಟು ನಿಖರವಾಗಿ ನಿಗದಿಪಡಿಸಿದ ಮೇಲೆ ಹೆಚ್ಚುವರಿಯಾಗಿ ಬಂದವನಿಗೆ ಸ್ಥಳವಿರಲಿಲ್ಲವೆಂಬುದು ತಾನಾಗಿಯೇ ಹೊರಡುವ ಅರ್ಥ. ಶಾಲೆಯ ಗಾತ್ರವನ್ನು ತೀರ್ಮಾನಿಸುತ್ತಿದ್ದುದು ಕಟ್ಟಡವಾಗಲೀ ಬೇಡಿಕೆಯಾಗಲೀ ಅಲ್ಲ, ದತ್ತಿಯ ಭತ್ತ. ಅದಕ್ಕೂ ಮೊದಲಿನ ಬಾಗಿಲು ಹುಟ್ಟಿನದು. ಅಗ್ರಹಾರದ ವೇದಪಾಠಕ್ಕೆ ಕೂರುವವರು ಯಾವ ವರ್ಣದವರು, ಯಾವ ಲಿಂಗದವರು ಎಂಬುದನ್ನು ಕಲ್ಲಿನಲ್ಲಿ ಬರೆಯುವ ಅಗತ್ಯವೂ ಆ ಸಮಾಜಕ್ಕೆ ಇರಲಿಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡನ ಮರಣಾನಂತರ ನಾಗರಖಂಡ ಎಪ್ಪತ್ತನ್ನು ಆಳಿ, ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಜಕ್ಕಿಯಬ್ಬೆಯಂತಹ ಹೆಣ್ಣಿನ ಆಡಳಿತವನ್ನು ಹೊಗಳುವ ನಾಡೇ ಹೆಣ್ಣುಮಕ್ಕಳ ಪಾಠದ ಬಗ್ಗೆ ಏನನ್ನೂ ಹೇಳದಿರುವುದು ಗಮನಾರ್ಹ.

ದತ್ತಿಯ ಬದಲು ಹೆತ್ತವರ ಕೈಯಿಂದಲೇ ಶಾಲೆಯ ಖರ್ಚು ಹೊರಡುವ ವ್ಯವಸ್ಥೆಯನ್ನು ಕನ್ನಡನಾಡು ಕಂಡದ್ದು ಕೂಲಿಮಠಗಳಲ್ಲಿ. ಹೆಚ್ಚಾಗಿ ಒಬ್ಬನೇ ಐಗಳು, ಅಂದರೆ ಉಪಾಧ್ಯಾಯ, ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಮಕ್ಕಳನ್ನು ಕೂರಿಸಿಕೊಂಡು, ಹಣ ಅಥವಾ ದವಸದ ರೂಪದಲ್ಲಿ ಕೂಲಿ ಪಡೆದು ಕಲಿಸುತ್ತಿದ್ದ ಈ ಶಾಲೆಗಳೇ ಇಂದಿನ ಸಣ್ಣ ಖಾಸಗಿ ಶಾಲೆಯ ನಿಜವಾದ ಪೂರ್ವಜರು. ಇವುಗಳ ಪ್ರವೇಶಕ್ರಮದ ಅತ್ಯಂತ ವಿವರವಾದ ವರ್ಣನೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿಯಲ್ಲಿದೆ. ಅವನ ಲೆಕ್ಕದಂತೆ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಹುಡುಗಿಯರು ಕೇವಲ 60. ಮಗುವಿಗೆ ಐದು ವರ್ಷ ತುಂಬಿದ ಮೇಲೆ ಒಳ್ಳೆಯ ದಿನ ನೋಡಿ, ಐಗಳೂ ಅವನ ಶಿಷ್ಯರೂ ಮಗುವಿನ ಮನೆಗೇ ಬಂದು, ಗಣಪತಿಯ ಮುಂದೆ ಕೂರಿಸಿ, ಅಕ್ಕಿಯಲ್ಲಿ ಬೆರಳಿನಿಂದ ದೇವರ ಹೆಸರು ಬರೆಯಿಸುತ್ತಿದ್ದರು. ಹೆತ್ತವರು ಕಾಣಿಕೆ ಒಪ್ಪಿಸಿದ ಮರುದಿನದಿಂದ ಮಗು ಶಾಲೆಯದು. ಹೊಸಬನನ್ನು ಶಾಲೆಯೇ ಮನೆ ಬಾಗಿಲಿಗೆ ಬಂದು ಕರೆದೊಯ್ಯುವ ಈ ಪದ್ಧತಿಯಲ್ಲಿ ಅರ್ಜಿಯೂ ಇಲ್ಲ, ಆಯ್ಕೆಯೂ ಇಲ್ಲ. ಸ್ಪರ್ಧೆ ಆರಂಭವಾಗುತ್ತಿದ್ದುದು ಸೇರಿದ ಮೇಲೆ: ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಏಟು. ಆದರೆ ಅಷ್ಟು ಅಲ್ಪ ಶುಲ್ಕವನ್ನೂ ಕೊಡಲಾರದೆ ಅನೇಕ ಕುಟುಂಬಗಳು ಮಕ್ಕಳನ್ನು ಬೇಗನೆ ಬಿಡಿಸುತ್ತಿದ್ದುವೆಂಬುದನ್ನು ಕ್ಯಾಂಪ್‌ಬೆಲ್ ಮರೆಯದೆ ದಾಖಲಿಸಿದ್ದಾನೆ. ಬಡತನವೇ ಇಲ್ಲಿ ಪ್ರವೇಶ ಪರೀಕ್ಷೆಯ ಕೆಲಸ ಮಾಡುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ ಈ ಕೂಲಿಮಠಗಳ ಜಾಗವನ್ನು ಸರ್ಕಾರಿ ಶಾಲೆಗಳು ಆಕ್ರಮಿಸಲು ದಾರಿ ಮಾಡಿಕೊಟ್ಟದ್ದು 1868ರ ಹೋಬಳಿ ಶಾಲೆಗಳ ಯೋಜನೆ. ಅದನ್ನು ರೂಪಿಸಿದ ಬಿ. ಎಲ್. ರೈಸ್ ಅವರೇ ಶಿಕಾರಿಪುರದ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟವನ್ನು 1902ರಲ್ಲಿಯೂ ಸೊರಬದ ಶಾಸನಗಳ ಎಂಟನೆಯ ಸಂಪುಟವನ್ನು 1904ರಲ್ಲಿಯೂ ಹೊರತಂದರು. ಕೋಡಿಯ ಮಠದ ಪಾಠಪಟ್ಟಿ ಮತ್ತು ಹಳ್ಳಿಯ ಮಕ್ಕಳ ಹಾಜರಿ ಪುಸ್ತಕ ಎರಡೂ ಒಬ್ಬರ ಕೈಯಲ್ಲೇ ಹಾದುಹೋದ ನಿದರ್ಶನ ಬೇರೆಡೆ ವಿರಳ.

ಇಂದು ಶಿರಾಳಕೊಪ್ಪ, ಶಿಕಾರಿಪುರ, ಆನವಟ್ಟಿ, ಸೊರಬದಂತಹ ಊರುಗಳ ಖಾಸಗಿ ಶಾಲೆಗಳಲ್ಲಿ ಪ್ರವೇಶವು ಅರ್ಜಿಯಿಂದ ತೊಡಗುತ್ತದೆ. ಜನನ ಪ್ರಮಾಣ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಬೇರೆ ಶಾಲೆಯಿಂದ ಬಂದವರಿಗೆ ವರ್ಗಾವಣೆ ಪತ್ರ ಇವೆಲ್ಲ ಅದರ ಜೊತೆಗೆ ಸೇರುತ್ತವೆ. ಹಿಂದೆ ಪತ್ರವು ಶಾಲೆಯ ಬಾಧ್ಯತೆಯನ್ನು ಹೇಳುತ್ತಿದ್ದರೆ ಈಗ ಮಗುವಿನ ಬಗ್ಗೆ ಹೇಳುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಈ ಭಾರವನ್ನು ಮರಳಿ ಶಾಲೆಯತ್ತ ಸರಿಸಲು ಮಾಡಿದ ಪ್ರಯತ್ನವೆಂದು ಓದಬಹುದು. ಅದರ 13ನೆಯ ಪ್ರಕರಣವು ವಂತಿಗೆಯನ್ನು, ಅಂದರೆ ಜನರ ಬಾಯಲ್ಲಿ ‘ಡೊನೇಶನ್’ ಆಗಿರುವ ಅಘೋಷಿತ ಹಣವನ್ನು, ನಿಷೇಧಿಸಿ ತಪ್ಪಿದರೆ ಅದರ ಹತ್ತು ಪಟ್ಟಿನವರೆಗೆ ದಂಡ ವಿಧಿಸುತ್ತದೆ; ಮಗುವನ್ನಾಗಲೀ ಹೆತ್ತವರನ್ನಾಗಲೀ ಸಂದರ್ಶನದ ಮೂಲಕ ಸೋಸಿದರೆ ಮೊದಲ ಬಾರಿ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಬಾರಿಗೂ 50,000 ರೂಪಾಯಿವರೆಗೆ ದಂಡವಿದೆ. ‘ಸುಮ್ಮನೆ ಮಗುವನ್ನು ಮಾತನಾಡಿಸುತ್ತೇವೆ’ ಎಂಬ ಆಡಳಿತ ಮಂಡಳಿಗಳ ಸಮಜಾಯಿಷಿಗೆ ಕಾಯ್ದೆಯ ಪದಗಳಲ್ಲಿ ಆಸರೆಯಿಲ್ಲ.

ಇದೇ ಕಾಯ್ದೆಯ 12(1)(ಸಿ) ಉಪಪ್ರಕರಣವು ಹಳೆಯ ದತ್ತಿಗೆ ಅಚ್ಚರಿಯೆನಿಸುವಷ್ಟು ಹತ್ತಿರವಾಗಿದೆ. ಅನುದಾನರಹಿತ ಖಾಸಗಿ ಶಾಲೆಗಳು ಒಂದನೆಯ ತರಗತಿಯಲ್ಲಿ, ಪೂರ್ವ ಪ್ರಾಥಮಿಕ ತರಗತಿಯಿದ್ದರೆ ಅಲ್ಲಿಂದಲೇ, ಶೇ. 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು. ಅವರ ವೆಚ್ಚವನ್ನು ರಾಜ್ಯವು ತಲೆಗಿಷ್ಟೆಂದು ಶಾಲೆಗೆ ಮರುಪಾವತಿಸಬೇಕು. ಇಂತಿಷ್ಟು ತಲೆ, ತಲೆಗೆ ಇಂತಿಷ್ಟು ಎಂಬ ನಾಗಾವಿಯ ಲೆಕ್ಕವೇ ಇದು. ವ್ಯತ್ಯಾಸವೆಂದರೆ ಹುಟ್ಟಿನಿಂದ ಹೊರಗುಳಿದವರಿಗೇ ಇಲ್ಲಿ ಮೊದಲ ಹಕ್ಕು, ಆಯ್ಕೆ ಲಾಟರಿಯಿಂದ. ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 12ರಂದು ಈ ಉಪಬಂಧವನ್ನು ಎತ್ತಿಹಿಡಿಯಿತು. ಆದರೆ ಕರ್ನಾಟಕ ಸರ್ಕಾರವು 2019ರ ಜನವರಿ 30ರಂದು ತನ್ನ ನಿಯಮಗಳಿಗೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಖಾಸಗಿ ಶಾಲೆಯಲ್ಲಿ ಈ ಮೀಸಲು ಸ್ಥಾನಗಳಿಗೆ ಅವಕಾಶವಿಲ್ಲವೆಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಮಾನ್ಯ ಮಾಡಿತು. ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ, ಅವುಗಳಿಗೆ ಸಲ್ಲಬೇಕಾದ ಹಣ ಖಾಸಗಿಯವರಿಗೆ ಹರಿಯುತ್ತಿದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಬಹುತೇಕ ಪ್ರತಿ ಹಳ್ಳಿಯಲ್ಲೂ ಸರ್ಕಾರಿ ಶಾಲೆಯಿರುವ ಶಿವಮೊಗ್ಗ ಜಿಲ್ಲೆಯಂತಹ ಕಡೆ ಈ ತಿದ್ದುಪಡಿಯ ಪರಿಣಾಮವೆಂದರೆ, ಕೂಲಿ ಕೊಡಬಲ್ಲವರಿಗೆ ಮಾತ್ರ ಐಗಳು ಎಂಬ ಹಳೆಯ ಸ್ಥಿತಿಗೆ ಖಾಸಗಿ ಶಾಲೆ ಮರಳಿದ್ದು.

ವಯಸ್ಸಿನ ವಿಷಯವೊಂದು ಉಳಿದಿದೆ. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ 2022ರ ಸರ್ಕಾರಿ ಆದೇಶವನ್ನು 2025–26ನೆಯ ಸಾಲಿನಿಂದ ಅನ್ವಯಿಸುವುದೆಂದು ನಿರ್ಧರಿಸಿ, ಆ ಸಾಲು ಬಂದಾಗ ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳು ಸಾಕೆಂದು ಒಂದು ವರ್ಷದ ಮಟ್ಟಿಗೆ ಸಡಿಲಿಸಲಾಯಿತು. ಸಡಿಲಿಕೆಗಾಗಿ ಒತ್ತಾಯಿಸಿದ ಹೆತ್ತವರ ಮಕ್ಕಳು ಎಲ್‌ಕೆಜಿ, ಯುಕೆಜಿಗಳನ್ನು ಮುಗಿಸಿ ಕಾದಿದ್ದವರು. ಹಳ್ಳಿಯ ಅಂಗನವಾಡಿಯಿಂದ ಬರುವ, ಜನನ ನೋಂದಣಿ ತಡವಾದ ಮಕ್ಕಳ ತೊಡಕು ಇದಲ್ಲ. ಅಂಥವರಿಗಾಗಿ ಕಾಯ್ದೆಯ 14ನೆಯ ಪ್ರಕರಣವು ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದೂ, 15ನೆಯ ಪ್ರಕರಣವು ದಾಖಲಾತಿಯ ಅವಧಿ ಮುಗಿದ ಮೇಲೆ ಬಂದರೂ ಮಗುವನ್ನು ಸೇರಿಸಿಕೊಳ್ಳಬೇಕೆಂದೂ ಹೇಳುತ್ತವೆ. ಕ್ಯಾಂಪ್‌ಬೆಲ್ ಕಂಡ ಶಾಲೆಗಳಲ್ಲಿ ಒಳ್ಳೆಯ ದಿನವೊಂದು ಸಿಕ್ಕರೆ ಸಾಕಿತ್ತು, ಜೂನ್ ತಿಂಗಳೇ ಆಗಬೇಕೆಂದಿರಲಿಲ್ಲ.