ಮುದಿನಾಯಿಯ ಪಥ್ಯ

ನಾಯಿಗೂ ಪಥ್ಯವುಂಟೇ ಎಂದು ನಗುವವರಿಗೆ ನಾನು ಬಡ್ಡಿಯ ಕಥೆ ಹೇಳುವುದುಂಟು. ಹೆಸರು ನಮಗೆ ಸಾಲವನ್ನು ನೆನಪಿಗೆ ತರುತ್ತದೆ. ಅಮೆರಿಕದವರ ಬಾಯಲ್ಲಿ ಅದಕ್ಕೆ ಗೆಳೆಯನೆಂದರ್ಥ. ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕ 1928ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ, ದಾರಿ ತೋರಿಸಲು ಪಳಗಿದ ನಾಯಿಯೊಂದನ್ನು ತಂದು ಅದಕ್ಕೆ ಈ ಹೆಸರಿಟ್ಟ. ಅದು 1938ರಲ್ಲಿ ತೀರಿಕೊಂಡ ಮೇಲೆ ಬಂದ ನಾಯಿಗೂ ಅದೇ ಹೆಸರು. ಈ ಎರಡನೆಯ ಬಡ್ಡಿಗೆ 1939ರಲ್ಲಿ ಮೂತ್ರಪಿಂಡಗಳು ಕೆಟ್ಟವು. ಒಡೆಯನ ಕಣ್ಣೇ ಅದಾಗಿತ್ತೆಂದ ಮೇಲೆ ಆತಂಕ ಎಷ್ಟಿದ್ದೀತೆಂದು ವಾಚಕರೇ ಊಹಿಸಬಹುದು.

ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್ ಔಷಧದ ಸೀಸೆಗಿಂತ ಅಡಿಗೆಯ ಪಾತ್ರೆಯನ್ನು ಹೆಚ್ಚು ನಂಬಿದ. ಪ್ರೋಟೀನನ್ನು ಮಿತಗೊಳಿಸಿ ಒಂದು ಆಹಾರ ಸಿದ್ಧಪಡಿಸಿದ. ಹೆಂಡತಿ ಲೂಯಿಸ್ ಅದನ್ನು ಮನೆಯಲ್ಲೇ ಗಾಜಿನ ಜಾಡಿಗಳಲ್ಲಿ ತುಂಬುತ್ತಿದ್ದಳು. ಜಾಡಿಗಳು ದಾರಿಯಲ್ಲಿ ಒಡೆಯತೊಡಗಿದುದರಿಂದ ತಗಡಿನ ಡಬ್ಬಿಗಳು ಬಂದವು. ಬೇಡಿಕೆ ಬೆಳೆದು, 1948ರಲ್ಲಿ ಕ್ಯಾನ್ಸಸ್‌ನ ಹಿಲ್ ಪ್ಯಾಕಿಂಗ್ ಕಂಪೆನಿ ಅದನ್ನು ತಯಾರಿಸಲು ಒಪ್ಪಿಕೊಂಡಿತು.

ಮೂತ್ರಪಿಂಡದ ಬೇನೆ ಹೆಚ್ಚಾಗಿ ಮುಪ್ಪಿನದು. ಆದುದರಿಂದಲೋ ಏನೋ, ರೋಗಿಗೆ ಹೇಳಿದ ಪಥ್ಯ ಆರೋಗ್ಯವಾಗಿದ್ದ ಮುದಿನಾಯಿಗಳ ತಲೆಗೂ ಬಂತು: ವಯಸ್ಸಾದೊಡನೆ ಮಾಂಸ ಕಡಿಮೆ ಮಾಡಿ, ಎಂದು. ಇದು ಅವಸರದ ತರ್ಕ. 1980 ಮತ್ತು 90ರ ದಶಕಗಳ ಪ್ರಯೋಗಗಳಲ್ಲಿ, ಪ್ರೋಟೀನು ಮುದಿನಾಯಿಯ ನೆಟ್ಟಗಿರುವ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಮುಪ್ಪಿನಲ್ಲಿ ಮಾಂಸಖಂಡ ಕರಗುವುದರಿಂದ ಒಳ್ಳೆಯ ಪ್ರೋಟೀನು ಬೇಕೇ ಬೇಕು. ಬೇನೆ ಬಿದ್ದ ಮೂತ್ರಪಿಂಡಕ್ಕಾದರೆ ರಂಜಕವನ್ನು ತಗ್ಗಿಸುವುದು ಮುಖ್ಯ.

ಹಾಗಾದರೆ ಕಡಿಮೆ ಮಾಡಬೇಕಾದದ್ದು ಯಾವುದನ್ನು? ಇದಕ್ಕೆ ಉತ್ತರ 2002ರಲ್ಲಿ ಪ್ರಕಟವಾಯಿತು. 48 ಲ್ಯಾಬ್ರಡಾರ್ ಮರಿಗಳನ್ನು 24 ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಪಾಲು ಕಡಿಮೆ ಆಹಾರವನ್ನು ಬದುಕಿನುದ್ದಕ್ಕೂ ಹಾಕಿದರು. ಆಹಾರ ಒಂದೇ, ಅಳತೆ ಮಾತ್ರ ಬೇರೆ. ಹೆಚ್ಚು ತಿಂದವುಗಳ ಮಧ್ಯಮ ಆಯುಸ್ಸು 11.2 ವರ್ಷ, ಕಡಿಮೆ ತಿಂದವುಗಳದು 13. ಕೀಲುನೋವೂ ಇವಕ್ಕೆ ತಡವಾಗಿ ಬಂತು. ಪ್ರಯೋಗ ನಡೆಸಿದ್ದು ನಾಯಿಯ ಆಹಾರ ಮಾರುವ ಪ್ಯೂರಿನಾ ಕಂಪೆನಿಯೆಂಬುದು ನನಗೆ ಬಹಳ ರುಚಿಸಿದ ಸಂಗತಿ. ವ್ಯಾಪಾರಿಯೇ ಕಡಿಮೆ ಕೊಳ್ಳಿರೆಂದಂತಾಯಿತು!

"ಪಾಪ, ಮುದಿಯಾಯಿತು, ಇನ್ನೆಷ್ಟು ದಿನ ತಿಂದೀತು" ಎಂದು ಇನ್ನೊಂದು ಹಿಡಿ ಅನ್ನ ಬಡಿಸುವ ಅಕ್ಕರೆಯ ಕೈಗೆ ಈ ಲೆಕ್ಕ ಹಿಡಿಸಲಾರದು. ಆದರೆ ಆ ಹಿಡಿಯಲ್ಲೇ ನಾಯಿಯ ದಿನಗಳು ಸವೆಯಬಹುದು. ಒಂದು ಮಾತು ಮಾತ್ರ ಮರೆಯಬಾರದು: ಆ ಲ್ಯಾಬ್ರಡಾರ್‌ಗಳ ಮಿತಾಹಾರ ಎಂಟು ವಾರದ ಮರಿಗಳಾಗಿದ್ದಾಗಲೇ ಆರಂಭವಾಗಿತ್ತು. ಕೊಬ್ಬಿದ ಮುದಿನಾಯಿಯನ್ನು ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಬೇಕು. ಬೆನ್ನೆಲುಬು ಎದ್ದು ಕಾಣುವಂತೆ ಬಡವಾಗುತ್ತಿರುವ ನಾಯಿಗಂತೂ ತುತ್ತು ಕಡಿಮೆ ಮಾಡುವುದಿರಲಿ, ಹಲ್ಲುನೋವೋ ಒಳಗಿನ ಬೇನೆಯೋ ಎಂದು ಮೊದಲು ನೋಡಿಸಬೇಕು.